ಜೀವಾಳಕ್ಕೆ ಅಂಟು ಹಾಕಬೇಡಿ

ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಸಣ್ಣ ದಾರದ ಎಳೆ ಇರುತ್ತದೆ. ಅದಕ್ಕೆ ಜೀವಾಳ ಎಂದು ಹೆಸರು. ಅದು ಕೂದಲೆಳೆಯಷ್ಟು ಆಚೆ ಸರಿದರೆ ತಂತಿ ಮಂಕಾಗುತ್ತದೆ, ಈಚೆ ಸರಿದರೆ ಕಿರಗುಟ್ಟುತ್ತದೆ. ಸರಿಯಾದ ಜಾಗದಲ್ಲಿ ನಿಂತರೆ ಷಡ್ಜದ ಒಳಗಿಂದ ಗಾಂಧಾರ ತಾನಾಗಿ ಎದ್ದು ಬರುತ್ತದೆ. ಹಾಡುವವರು ಕಛೇರಿಗೆ ಕೂರುವ ಮುನ್ನ ಪ್ರತಿ ಸಲವೂ ಅದನ್ನು ಬೆರಳ ತುದಿಯಲ್ಲಿ ಸರಿಸಿ ನೋಡುತ್ತಾರೆ. ನಿನ್ನೆಯ ಜಾಗ ಇವತ್ತಿಗೆ ಒಗ್ಗುವುದಿಲ್ಲ. ಹವೆ ಬದಲಾಗಿರುತ್ತದೆ, ತಂತಿ ಹಳೆಯದಾಗಿರುತ್ತದೆ, ಶ್ರುತಿ ಅರ್ಧ ಮನೆ ಏರಿರುತ್ತದೆ. ಆ ಎಳೆಯನ್ನು ಅಂಟು ಹಾಕಿ ಕೂರಿಸಿ, ಇದೇ ಶುದ್ಧ, ಇನ್ನು ಮುಟ್ಟಬಾರದು ಎಂದು ಹೇಳಿದರೆ ಯಾವ ಗಾಯಕರೂ ಒಪ್ಪುವುದಿಲ್ಲ.

ಅದೇ ಗಾಯನವನ್ನು ಮನೆಯಲ್ಲಿ ಕೂತು ಕೇಳುವ ವ್ಯವಸ್ಥೆಯ ಮಾತು ಬಂದಾಗ ಮಾತ್ರ ನಮ್ಮ ಸಂಗೀತಪ್ರಿಯರಲ್ಲಿ ಬಹುಪಾಲು ಜನ ಅಂಟು ಹಾಕುವವರ ಕಡೆ ನಿಂತುಬಿಡುತ್ತಾರೆ. ನಾದವನ್ನು ತಗ್ಗಿನ ಸ್ವರಗಳ ಊಫರಿಗೆ ಇಷ್ಟು, ಎತ್ತರದ ಸ್ವರಗಳ ಟ್ವೀಟರಿಗೆ ಇಷ್ಟು ಎಂದು ಪಾಲು ಮಾಡಿಕೊಡುವ ಭಾಗಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಆ ಪಾಲು ಸ್ಪೀಕರ್ ಪೆಟ್ಟಿಗೆಯೊಳಗಿನ ಕೆಪಾಸಿಟರ್, ಕಾಯಿಲ್‌ಗಳಿಂದಲೇ ಆಗಬೇಕು, ಡಿಜಿಟಲ್ ಪ್ರೊಸೆಸರ್ ಅದನ್ನು ಮುಟ್ಟಿದರೆ ನಾದ ಸತ್ತುಹೋಗುತ್ತದೆ ಎಂಬುದು ಹೈಫೈ ವಲಯದಲ್ಲಿ ಬೇರೂರಿರುವ ನಂಬಿಕೆ. ಅಂಗಡಿಯವರು ಹೇಳುತ್ತಾರೆ, ಹಿರಿಯ ರಸಿಕರು ತಲೆದೂಗುತ್ತಾರೆ, ಹೊಸದಾಗಿ ಸ್ಪೀಕರ್ ಕೊಳ್ಳಲು ಬಂದ ಹುಡುಗ ಹೆದರಿ ಸುಮ್ಮನಾಗುತ್ತಾನೆ. ಈ ನಂಬಿಕೆ ತಪ್ಪು ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ. ಇದರಿಂದ ಕೇಳುಗರಿಗೆ ಆಗುತ್ತಿರುವ ನಷ್ಟ ಸಣ್ಣದಲ್ಲ. ಹಣ ಹೋಗುವುದು ಹಾಗಿರಲಿ, ಮನೆಯಲ್ಲಿ ಕೇಳಬಹುದಾಗಿದ್ದ ಸಂಗೀತವೇ ಕೈ ತಪ್ಪುತ್ತಿದೆ.

ಖಂಡಿಸುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಂದಿಗೆ ಇಡುವುದು ಮರ್ಯಾದೆ. ಅನಲಾಗ್ ಪಕ್ಷದವರ ವಾದ ಹೀಗಿದೆ. ನಾದ ಅಖಂಡವಾದದ್ದು, ಡಿಜಿಟಲ್ ಅದನ್ನು ತುಂಡು ಮಾಡುತ್ತದೆ. ಎಲ್‌ಪಿ ತಟ್ಟೆಯಿಂದ ಸೂಜಿ ಎತ್ತಿಕೊಂಡ ಅಲೆಯನ್ನು ಪ್ರೊಸೆಸರ್ ಮತ್ತೆ ಅಂಕಿಯಾಗಿಸಿ, ಲೆಕ್ಕ ಮಾಡಿ, ಮತ್ತೆ ಅಲೆಯಾಗಿಸುವಾಗ ಏನೋ ಒಂದು ಕಳೆದುಹೋಗುತ್ತದೆ. ಕೆಪಾಸಿಟರ್, ಕಾಯಿಲ್‌ಗಳ ಈ ಪ್ಯಾಸಿವ್ ಕ್ರಾಸ್‌ಓವರಿನಲ್ಲಿ ನಾಲ್ಕಾರು ಬಿಡಿಭಾಗಗಳಷ್ಟೇ ಇರುತ್ತವೆ, ಕರೆಂಟು ಬೇಡ, ಸಾಫ್ಟ್‌ವೇರ್ ಬೇಡ, ಮೂವತ್ತು ವರ್ಷ ಬಾಳುತ್ತದೆ. ದಾರಿ ಚಿಕ್ಕದಾದಷ್ಟೂ ನಾದ ಶುದ್ಧ. ಕೊನೆಗೆ, ಕಿವಿಗಿಂತ ದೊಡ್ಡ ಪ್ರಮಾಣ ಇಲ್ಲ. ಒಬ್ಬ ಹಿರಿಯರು ನನ್ನ ಮನೆಗೆ ಬಂದಾಗ ಪ್ರೊಸೆಸರಿನ ಪುಟ್ಟ ಪೆಟ್ಟಿಗೆಯನ್ನು ಕಂಡು ನಿಜವಾಗಿ ನೊಂದುಕೊಂಡರು. “ಅಲ್ಲ ಸ್ವಾಮಿ, ಇಷ್ಟು ಚೆಂದದ ಎಲ್‌ಪಿ ಹಾಕಿ ಅದನ್ನ ಲೆಕ್ಕದ ಪುಸ್ತಕ ಮಾಡ್ಬಿಟ್ರಲ್ಲ!” ಎಂದರು. ಅವರ ನೋವು ನಿಜವಾದದ್ದು. ಅದಕ್ಕೆ ಉತ್ತರ ಕೊಡುವಾಗ ಹಗುರವಾಗಿ ಮಾತಾಡಬಾರದು.

ಮೊದಲು ಈ ಪಾಲು ಮಾಡುವ ಕೆಲಸ ಯಾಕೆ ಬೇಕಾಯಿತು ಎಂಬುದನ್ನು ನೋಡೋಣ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ಅತಿ ತಗ್ಗಿನ ನಾದದ ಅಲೆ 17 ಮೀಟರ್ ಉದ್ದ, ಅತಿ ಎತ್ತರದ ನಾದದ ಅಲೆ 17 ಮಿಲಿಮೀಟರ್. ಒಂದೇ ಕೋನ್ ಇವೆರಡನ್ನೂ ಸಮನಾಗಿ ಹೊರಡಿಸಲಾರದು. ಮೃದಂಗದ ತೊಪ್ಪಿಯ ಗುಂಕಾರಕ್ಕೆ ಅಗಲವಾದ ಕೋನ್ ಬೇಕು, ಬಲಗಡೆಯ ಚಾಪಿನ ಅಂಚಿಗೆ ಹಗುರವಾದ ಪುಟ್ಟ ಗುಮ್ಮಟ ಬೇಕು. ಆದ್ದರಿಂದ ಎರಡೋ ಮೂರೋ ಡ್ರೈವರುಗಳು. ಆದರೆ ಮೃದಂಗ ಒಂದೇ. ತಂಬೂರಿಯ ಷಡ್ಜದ ತಂತಿ 130 ಹರ್ಟ್ಸ್ ಸುಮಾರಿನಲ್ಲಿದ್ದರೆ ಅದರ ಮೂಲಸ್ವರ ಊಫರಿನಿಂದ ಬರುತ್ತದೆ, ಹತ್ತೊಂಬತ್ತನೆಯ ಹಾರ್ಮೋನಿಕ್ ಹೊತ್ತಿಗೆ 2,500 ಹರ್ಟ್ಸ್ ಮುಟ್ಟಿ ಟ್ವೀಟರಿನ ಬಾಗಿಲಿಗೆ ಬಂದಿರುತ್ತದೆ. ಒಂದೇ ತಂತಿಯ ಮೀಟು ಎರಡು ಬಾಯಲ್ಲಿ ಹೊರಡುತ್ತದೆ. ಕೇಳುವವನಿಗೆ ಅದು ಒಂದೇ ಬಾಯಿಯಿಂದ ಬಂದಂತೆ ಇರಬೇಕು. ಇಡೀ ಕ್ರಾಸ್‌ಓವರಿನ ಧರ್ಮ ಇಷ್ಟೇ: ಒಡೆದದ್ದು ಗೊತ್ತಾಗದ ಹಾಗೆ ಒಡೆಯುವುದು.

ಅನಲಾಗ್ ಪಕ್ಷದವರು ಈ ಒಡೆಯುವಿಕೆಯನ್ನು ನಂಬಿ ಒಪ್ಪಿಸಿರುವುದು ಯಾರಿಗೆ? ಪಠ್ಯಪುಸ್ತಕದ ಲೆಕ್ಕದಲ್ಲಿ, 8 ಓಮ್‌ನ ಟ್ವೀಟರಿಗೆ 2,500 ಹರ್ಟ್ಸ್‌ನಲ್ಲಿ ಗೆರೆ ಎಳೆಯಲು 8 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್ ಸಾಕು, ಊಫರಿಗೆ ಅರ್ಧ ಮಿಲಿಹೆನ್ರಿಯ ಒಂದು ಕಾಯಿಲ್ ಸಾಕು. ನೋಡಲು ಎಷ್ಟು ಸರಳ! ಆದರೆ ಈ ಲೆಕ್ಕ ನಿಂತಿರುವುದು ಡ್ರೈವರ್ ಯಾವಾಗಲೂ 8 ಓಮ್ ಇರುತ್ತದೆ ಎಂಬ ಊಹೆಯ ಮೇಲೆ. ಯಾವ ಡ್ರೈವರೂ ಹಾಗಿರುವುದಿಲ್ಲ. ಅನುರಣನದ ಜಾಗದಲ್ಲಿ ಅದರ ತಡೆ ಹಲವು ಪಟ್ಟು ಏರುತ್ತದೆ, ಎತ್ತರದ ಸ್ವರಗಳಲ್ಲಿ ವಾಯ್ಸ್ ಕಾಯಿಲ್‌ನ ಗುಣದಿಂದ ಮತ್ತೆ ಏರುತ್ತದೆ. ಜೋರಾಗಿ ಹಾಕಿದಾಗ ಕಾಯಿಲ್ ಬಿಸಿಯಾಗುತ್ತದೆ. ತಾಮ್ರದ ತಡೆ ಪ್ರತಿ ಡಿಗ್ರಿಗೆ 0.39 ಶೇಕಡಾದಂತೆ ಹೆಚ್ಚುತ್ತದೆ, ನೂರು ಡಿಗ್ರಿ ಏರಿದರೆ 8 ಓಮ್ ಹೋಗಿ 11 ಓಮ್ ಆಗುತ್ತದೆ. ಆಗ ಗೆರೆಯೂ ಸರಿದಂತೆಯೇ. ಪಲ್ಲವಿಯಲ್ಲಿ ಒಂದು ಕಡೆ ಇದ್ದ ಗೆರೆ ತನಿ ಆವರ್ತನದ ಮುಕ್ತಾಯದಲ್ಲಿ ಇನ್ನೊಂದು ಕಡೆ. ಇದನ್ನು ನಾವು ಶುದ್ಧತೆ ಎಂದು ಕರೆಯುತ್ತಿದ್ದೇವೆ.

ಇದಕ್ಕಿಂತ ದೊಡ್ಡ ದೋಷ ಅದು ಕೂತಿರುವ ಜಾಗದ್ದು. ಪ್ಯಾಸಿವ್ ಕ್ರಾಸ್‌ಓವರ್ ಇರುವುದು ಆಂಪ್ಲಿಫೈಯರ್ ಮತ್ತು ಡ್ರೈವರಿನ ನಡುವೆ. ಒಳ್ಳೆಯ ಆಂಪ್ ಕೋನನ್ನು ಬಿಗಿಯಾಗಿ ಹಿಡಿದಿರುತ್ತದೆ, ನಿಲ್ಲು ಎಂದಾಗ ನಿಲ್ಲಿಸುತ್ತದೆ. ಆ ಹಿಡಿತವನ್ನು ಡ್ಯಾಂಪಿಂಗ್ ಫ್ಯಾಕ್ಟರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. 200 ಎಂದು ಹೇಳಿಕೊಳ್ಳುವ ಆಂಪಿನ ಒಳತಡೆ 0.04 ಓಮ್. ನಡುವೆ 0.4 ಓಮ್ ತಡೆಯ ಒಂದು ಸಾಧಾರಣ ಕಾಯಿಲ್ ಬಂದು ಕೂತರೆ 200 ಹೋಗಿ 18ಕ್ಕೆ ಇಳಿಯುತ್ತದೆ. ಇನ್ನು, ಟ್ವೀಟರ್ ಊಫರಿಗಿಂತ 5 ಡೆಸಿಬೆಲ್ ಜೋರಿದ್ದರೆ ಅದನ್ನು ತಗ್ಗಿಸಲು ರೆಸಿಸ್ಟರ್ ಹಾಕುತ್ತಾರೆ. ಟ್ವೀಟರಿನ ಪಾಲಿಗೆ ಬಂದ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಆಗ ಬರೀ ಶಾಖವಾಗಿ ಪೆಟ್ಟಿಗೆಯೊಳಗೆ ಹೋಗುತ್ತದೆ. ಆಂಪಿಗೆ ಲಕ್ಷ ರೂಪಾಯಿ ಕೊಟ್ಟು, ಅದರ ಕೈಗೂ ಕೋನಿನ ಕೊರಳಿಗೂ ನಡುವೆ ಸಡಿಲ ಹಗ್ಗ ಕಟ್ಟಿದಂತಾಯಿತು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಜೊತೆ ಸ್ಪೀಕರುಗಳಿದ್ದವು, ಎಂಬತ್ತರ ದಶಕದವು, ಗಟ್ಟಿ ಮರದ ಪೆಟ್ಟಿಗೆಗಳು. ವೀಣೆಯ ನಾದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದಾಡುತ್ತಿತ್ತು, ನಡುವೆ ನಿಲ್ಲುತ್ತಿರಲಿಲ್ಲ. ಬೆಂಗಳೂರಿನ ಒಂದು ಅಂಗಡಿಯವರು, ಕೆಪಾಸಿಟರ್ ಬದಲಿಸಿ, ವಿದೇಶದ್ದು ಹಾಕಿದರೆ ನಾದ ಬಿಚ್ಚಿಕೊಳ್ಳುತ್ತದೆ ಎಂದು ಹೇಳಿ ಟ್ವೀಟರಿಗಿಂತ ದುಬಾರಿಯಾದ ಕೆಪಾಸಿಟರುಗಳನ್ನು ಮಾರಿದರು. ಒಂದು ವಾರ ನನಗೂ ನಾದ ಬಿಚ್ಚಿಕೊಂಡಂತೆ ಕೇಳಿಸಿತು. ಆಮೇಲೆ ಕಿತ್ತು ತೆಗೆದ ಹಳೆಯವನ್ನು ಮೀಟರಿಗೆ ಹಚ್ಚಿದೆ. ಎರಡರ ಮೇಲೂ 8 ಎಂದು ಅಚ್ಚಾಗಿತ್ತು. ಒಂದು 6.6 ತೋರಿಸಿತು, ಇನ್ನೊಂದು 9.1. ಅಂದರೆ ಲೆಕ್ಕದ ಪ್ರಕಾರ ಎಡಗಡೆಯ ಗೆರೆ 3,000 ಹರ್ಟ್ಸ್ ಹತ್ತಿರ, ಬಲಗಡೆಯದು 2,200 ಹತ್ತಿರ. ವೀಣೆ ಎಳೆದಾಡದೆ ಇನ್ನೇನು ಮಾಡೀತು? ಅಳೆದಿದ್ದರೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಫಿಲ್ಮ್ ಕೆಪಾಸಿಟರಿನಲ್ಲೇ ಅದು ಸರಿಹೋಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮೌಲ್ಯ ತಪ್ಪಿದ್ದ ಕಡೆ ನಾನು ಬೆಲೆ ಏರಿಸಿದ್ದೆ.

ಇನ್ನು ಡಿಜಿಟಲ್ ಮುಟ್ಟಿದರೆ ನಾದ ಸಾಯುತ್ತದೆ ಎಂಬ ಮುಖ್ಯ ಆರೋಪ. ಇದು ಮಡಿ-ಮೈಲಿಗೆಯ ವಾದ, ಕಿವಿಯ ವಾದವಲ್ಲ. ಮಡಿಯ ಲಕ್ಷಣವೇ ಅದು: ಮುಟ್ಟಿದ್ದು ಗೊತ್ತಾದರೆ ಮಾತ್ರ ಮೈಲಿಗೆ. 2022ರಲ್ಲಿ ಇದಕ್ಕೆ ಜಗತ್ತಿನ ಎದುರಿಗೇ ಒಂದು ಪರೀಕ್ಷೆ ನಡೆದುಹೋಯಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ಎಲ್‌ಪಿಗಳನ್ನು ಅನಲಾಗ್ ರಸಿಕರು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಮೂಲ ಟೇಪಿನಿಂದ ನೇರವಾಗಿ ಬಂದ ನಾದ ಎಂದು ನಂಬಿ ದುಬಾರಿ ಬೆಲೆ ಕೊಟ್ಟಿದ್ದರು. ಆ ವರ್ಷದ ಜುಲೈಯಲ್ಲಿ ಕಂಪನಿಯ ಇಂಜಿನಿಯರುಗಳೇ ಒಪ್ಪಿಕೊಂಡರು: ವರ್ಷಗಳಿಂದ ನಡುವೆ ಡಿಎಸ್‌ಡಿ ಎಂಬ ಡಿಜಿಟಲ್ ಹಂತವನ್ನು ಬಳಸುತ್ತಿದ್ದೇವೆ. ಕೋಲಾಹಲವಾಯಿತು, ಮೊಕದ್ದಮೆ ನಡೆಯಿತು, ಮರುವರ್ಷ 2.5 ಕೋಟಿ ಡಾಲರ್ ಒಪ್ಪಂದದ ಮಟ್ಟಕ್ಕೆ ಹೋಯಿತು. ಮುಚ್ಚಿಟ್ಟದ್ದು ತಪ್ಪು, ದಂಡ ನ್ಯಾಯವೇ. ಆದರೆ ಆ ವರ್ಷಗಳುದ್ದಕ್ಕೂ, ಕೋಟಿಗಟ್ಟಲೆ ಬೆಲೆಯ ವ್ಯವಸ್ಥೆಗಳ ಮುಂದೆ ಕೂತು ಕೇಳಿದ ಪಳಗಿದ ಕಿವಿಗಳು ಆ ತಟ್ಟೆಗಳನ್ನು ಅನಲಾಗಿನ ಶಿಖರ ಎಂದೇ ಹೊಗಳಿದ್ದವು. ಡಿಜಿಟಲ್ ಜೀವ ತೆಗೆಯುತ್ತದೆ ಎನ್ನುವುದಾದರೆ ಅಷ್ಟು ವರ್ಷ ಶವವನ್ನು ಯಾರೂ ಗುರುತಿಸಲಿಲ್ಲವೇಕೆ?

ಇದಕ್ಕಿಂತ ಶಿಸ್ತಾದ ಪರೀಕ್ಷೆಯೂ ಇದೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು 2007ರಲ್ಲಿ ಆಡಿಯೊ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಉನ್ನತ ದರ್ಜೆಯ ಧ್ವನಿಮುದ್ರಣವನ್ನು ಒಮ್ಮೆ ನೇರವಾಗಿ, ಒಮ್ಮೆ ನಡುವೆ ಸಿಡಿ ದರ್ಜೆಯ, ಅಂದರೆ 16 ಬಿಟ್, 44.1 ಕಿಲೊಹರ್ಟ್ಸ್‌ನ ಅನಲಾಗ್‌-ಡಿಜಿಟಲ್-ಅನಲಾಗ್ ಪರಿವರ್ತನೆ ಹಾಕಿ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ಗೊತ್ತಿರಲಿಲ್ಲ. 554 ಸಲದಲ್ಲಿ 276 ಸಲ ಸರಿಯಾಗಿ ಗುರುತಿಸಿದರು. ಅಂದರೆ 49.8 ಶೇಕಡಾ. ನಾಣ್ಯ ಚಿಮ್ಮಿಸಿದರೂ ಅಷ್ಟೇ ಬರುತ್ತದೆ. ಮೌನದ ಭಾಗಗಳಲ್ಲಿ ಧ್ವನಿಯನ್ನು ಅತಿಯಾಗಿ ಏರಿಸಿದಾಗ ಮಾತ್ರ ಸಣ್ಣ ಮರ್ಮರ ಕೇಳಿಸಿತು. ಇವತ್ತಿನ ಕ್ರಾಸ್‌ಓವರ್ ಪ್ರೊಸೆಸರುಗಳು ಕೆಲಸ ಮಾಡುವುದು 24 ಬಿಟ್‌ನಲ್ಲಿ, 48 ಅಥವಾ 96 ಕಿಲೊಹರ್ಟ್ಸ್‌ನಲ್ಲಿ. ಸಿಡಿಯ ಸೈದ್ಧಾಂತಿಕ ಹರವು ಸುಮಾರು 96 ಡೆಸಿಬೆಲ್, ಒಳ್ಳೆಯ ಎಲ್‌ಪಿಯದು 70ರ ಆಸುಪಾಸು. ಎಪ್ಪತ್ತು ಸೇರು ಹಿಡಿಯುವ ಕೊಡದ ನೀರನ್ನು ಅದಕ್ಕಿಂತ ದೊಡ್ಡ ಕೊಡಕ್ಕೆ ಸುರಿದರೆ ಚೆಲ್ಲುವುದಾದರೂ ಏನು?

ನಾವು ಕೇಳುವ ಹೆಚ್ಚಿನ ಸಂಗೀತ ಹೇಗೂ ಅಂಕಿಯಾಗಿಯೇ ಮನೆಗೆ ಬರುತ್ತದೆ ಎಂಬುದನ್ನೂ ಮರೆಯಬಾರದು. ಆಕಾಶವಾಣಿಯ ಸಂಗ್ರಹದ ಹಳೆಯ ಟೇಪುಗಳು ಇಂದಿನ ಕೇಳುಗರನ್ನು ತಲುಪುತ್ತಿರುವುದು ಡಿಜಿಟಲ್ ಆದ ಮೇಲೆಯೇ. ಇವತ್ತು ಕಛೇರಿಯ ಸಭಾಂಗಣದಲ್ಲಿ ಮಿಕ್ಸರ್ ಡಿಜಿಟಲ್. ಜಾತ್ರೆಯ ಆರ್ಕೆಸ್ಟ್ರಾಕ್ಕೂ ಯಕ್ಷಗಾನದ ರಂಗಸ್ಥಳಕ್ಕೂ ಸೌಂಡ್ ಸಿಸ್ಟಮ್ ತರುವ ಹುಡುಗರು ಟಾಪ್ ಮತ್ತು ಬೇಸ್ ಪೆಟ್ಟಿಗೆಗಳಿಗೆ ಪಾಲು ಹಾಕುವುದು ಪ್ರೊಸೆಸರಿನ ಗುಂಡಿ ತಿರುಗಿಸಿ. ಧ್ವನಿಮುದ್ರಣ ಮಾಡುವವರು ತೀರ್ಪು ಕೊಡಲು ನಂಬುವ ಸ್ಟುಡಿಯೊ ಮಾನಿಟರುಗಳನ್ನೇ ನೋಡಿ. ಫಿನ್ಲೆಂಡಿನ ಜೆನೆಲೆಕ್ 1978ರಲ್ಲಿ ಹುಟ್ಟಿದಾಗಿನಿಂದಲೂ ಆಂಪಿಗಿಂತ ಮೊದಲೇ ಪಾಲು ಮಾಡುವ ಆಕ್ಟಿವ್ ಸ್ಪೀಕರುಗಳನ್ನು ಕಟ್ಟಿತು, ಆಮೇಲೆ ಆ ಪಾಲನ್ನು ಡಿಜಿಟಲ್ ಲೆಕ್ಕಕ್ಕೂ ತಂದಿತು. ಹಾಡನ್ನು ತಯಾರಿಸಿದವರು ಅದರ ಮೂಲಕ ಕೇಳಿ ಒಪ್ಪಿದ್ದಾರೆ. ಮನೆಯಲ್ಲಿ ಕೇಳುವ ನಮಗೆ ಮಾತ್ರ ಅದು ಮೈಲಿಗೆ ಹೇಗಾದೀತು?

ಪ್ಯಾಸಿವ್ ಕ್ರಾಸ್‌ಓವರ್ ಎಷ್ಟೇ ಚೆನ್ನಾಗಿ ಕಟ್ಟಿದರೂ ಸುಲಭವಾಗಿ ಮಾಡಲಾಗದ ಒಂದು ಕೆಲಸವಿದೆ. ನಾದದ ಒಂದು ಪಾಲನ್ನು ತಡಮಾಡಿಸುವುದು. ಸಾಮಾನ್ಯ ಪೆಟ್ಟಿಗೆಯಲ್ಲಿ ಊಫರಿನ ನಾದ ಹೊರಡುವ ಬಿಂದು ಕೋನಿನ ಆಳದಲ್ಲಿರುತ್ತದೆ, ಟ್ವೀಟರಿನದು ಮುಂದಿರುತ್ತದೆ. ನಡುವಿನ ಅಂತರ ಮೂರೂವರೆ ಸೆಂಟಿಮೀಟರ್ ಎಂದುಕೊಳ್ಳಿ. ಟ್ವೀಟರಿನ ಪಾಲು ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ ಮುಂಚಿತವಾಗಿ ಕಿವಿ ಮುಟ್ಟುತ್ತದೆ. ಅಷ್ಟೇ ತಾನೇ ಅನ್ನಿಸಬಹುದು. ಆದರೆ 2,500 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 13.7 ಸೆಂಟಿಮೀಟರ್. ಮೂರೂವರೆ ಸೆಂಟಿಮೀಟರ್ ಅದರ ಕಾಲು ಭಾಗ. ಇಬ್ಬರೂ ಕೂಡಿ ಹಾಡಬೇಕಾದ ಜಾಗದಲ್ಲಿಯೇ ಒಬ್ಬರು ಕಾಲು ಸುತ್ತು ಮುಂದಿರುತ್ತಾರೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಕಂಠದ ಸ್ಪಷ್ಟತೆ, ವೀಣೆಯ ಮೀಟಿನ ಮೊನೆ, ಘಟದ ಅಂಚು, ಎಲ್ಲವೂ ಇರುವುದು ಅಲ್ಲೇ. ಡಿಜಿಟಲ್ ಪ್ರೊಸೆಸರಿನಲ್ಲಿ 48 ಕಿಲೊಹರ್ಟ್ಸ್‌ನ ಒಂದೊಂದು ಹೆಜ್ಜೆಯೂ ಗಾಳಿಯಲ್ಲಿ 7 ಮಿಲಿಮೀಟರಿಗೆ ಸಮ. ಐದು ಹೆಜ್ಜೆ ತಡ ಮಾಡು ಎಂದು ಟ್ವೀಟರಿಗೆ ಹೇಳಿದರೆ ಆಯಿತು. ಪೆಟ್ಟಿಗೆಯ ಮುಖವನ್ನು ಓರೆ ಕತ್ತರಿಸುವುದೂ ಬೇಡ, ಇನ್ನಷ್ಟು ಕಾಯಿಲ್ ಸುತ್ತುವುದೂ ಬೇಡ. ನನ್ನ ಅಪ್ಪನ ಪೆಟ್ಟಿಗೆಗಳಿಗೆ ಹೀಗೆ ಮಾಡಿದ ರಾತ್ರಿ ಮೃದಂಗದ ಒಂದು ಚಾಪು ಒಂದೇ ಕೈಯಿಂದ, ಒಂದೇ ಜಾಗದಿಂದ ಬಿದ್ದಂತೆ ಕೇಳಿತು. ಅಪ್ಪ ಇದನ್ನು ಕೇಳಬೇಕಿತ್ತು ಅನ್ನಿಸಿ ಕಣ್ಣು ತುಂಬಿ ಬಂತು.

ಕಿವಿಗಿಂತ ದೊಡ್ಡ ಪ್ರಮಾಣ ಇಲ್ಲ ಎಂಬ ಮಾತಿಗೆ ಬರುತ್ತೇನೆ. ಕೊನೆಯ ತೀರ್ಪು ಕಿವಿಯದೇ, ಒಪ್ಪಿದೆ. ಆದರೆ ಬೆಲೆ ಗೊತ್ತಿದ್ದು, ಹೆಸರು ಗೊತ್ತಿದ್ದು ಕೇಳಿದ ಕಿವಿ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದಕ್ಕೆ ನಾನೇ ಒಂದು ವಾರದ ಸಾಕ್ಷಿ. ಅಳತೆ ನಾದದ ಶತ್ರು ಎಂಬ ಭಾವನೆಯಂತೂ ನಮ್ಮ ನೆಲಕ್ಕೆ ತಕ್ಕದ್ದಲ್ಲ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಕುದುರೆಯ ರಹಸ್ಯದ ಬಗ್ಗೆ ಪ್ರಬಂಧ ಬರೆದರು. ಅಗಲವಾದ ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಅದುರುವುದರಿಂದ, ಸಿದ್ಧಾಂತದ ಪ್ರಕಾರ ಇರಬಾರದಾಗಿದ್ದ ಹಾರ್ಮೋನಿಕ್‌ಗಳೂ ಎದ್ದು ಬರುತ್ತವೆ ಎಂದು ತೋರಿಸಿದರು. ಮೃದಂಗದ ಬಲದ ಮೇಲಿನ ಕರಣೆ ಅದರ ಸ್ವರಗಳನ್ನು ಹೇಗೆ ಶ್ರುತಿಬದ್ಧ ಮಾಡುತ್ತದೆ ಎಂಬುದರ ಮೇಲಿನ ಅವರ ದೊಡ್ಡ ಪ್ರಬಂಧ 1934ರದು, ಅವರು ಬೆಂಗಳೂರಿಗೆ ಬಂದ ಮೇಲಿನದು. ರಾಮನ್ ಅಳೆದದ್ದರಿಂದ ತಂಬೂರಿಯ ಜೀವ ಕಡಿಮೆಯಾಯಿತೇ? ವಾದ್ಯ ಕಟ್ಟಿದವರ ಕಿವಿ ಎಷ್ಟು ಸೂಕ್ಷ್ಮವಾಗಿತ್ತು ಎಂಬುದು ಆಗಲೇ ಜಗತ್ತಿಗೆ ಗೊತ್ತಾದದ್ದು. ಅಳತೆಯ ಮೈಕನ್ನು ಕೂರುವ ಜಾಗದಲ್ಲಿಟ್ಟು, ಉಚಿತವಾಗಿ ಸಿಗುವ ಸಾಫ್ಟ್‌ವೇರಿನಲ್ಲಿ ಒಂದು ಗೆರೆ ಎಳೆದು ನೋಡುವುದು ರಸಿಕತೆಗೆ ಅವಮಾನವಲ್ಲ. ಅದು ಕಿವಿಗೆ ಕೊಟ್ಟ ಊರುಗೋಲು.

ಅನಲಾಗ್ ಪಕ್ಷದವರಲ್ಲೇ ಇನ್ನೊಂದು ಬಣವಿದೆ, ಅವರಿಗೆ ನನ್ನ ಗೌರವ ಹೆಚ್ಚು. ಆಂಪಿಗಿಂತ ಮೊದಲೇ, ಆಪ್‌-ಆಂಪ್‌ಗಳಿಂದ ಕಟ್ಟಿದ ಅನಲಾಗ್ ಆಕ್ಟಿವ್ ಕ್ರಾಸ್‌ಓವರಿನಲ್ಲಿ ಪಾಲು ಮಾಡಿ, ಒಂದೊಂದು ಡ್ರೈವರಿಗೂ ಒಂದೊಂದು ಆಂಪ್ ಕೊಡಿ ಎನ್ನುತ್ತಾರೆ. ಜಾಗ ಸರಿಯಾಗಿದೆ. ಹಿಡಿತ ಉಳಿಯುತ್ತದೆ, ಕಾಯಿಲ್ ಬಿಸಿಯಾದರೂ ಗೆರೆ ಸರಿಯುವುದಿಲ್ಲ. ಈ ದಾರಿಯ ಹಿರಿಯ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿದ್ದ ಅವರು ಸಹೋದ್ಯೋಗಿ ರಸ್ ರೈಲಿಯ ಜೊತೆ ರೂಪಿಸಿ 1976ರಲ್ಲಿ ಪ್ರಕಟಿಸಿದ ಫಿಲ್ಟರನ್ನು ಇವತ್ತಿಗೂ ಜಗತ್ತಿನೆಲ್ಲೆಡೆ ಬಳಸುತ್ತಾರೆ. ಗೆರೆಯ ಜಾಗದಲ್ಲಿ ಎರಡೂ ಕಡೆ 6 ಡೆಸಿಬೆಲ್ ತಗ್ಗಿ, ಕೂಡಿದಾಗ ಸಮತಟ್ಟಾಗುವ ಜಾಣ ಕಟ್ಟು ಅದು. ಅನಲಾಗ್ ಕ್ರಾಸ್‌ಓವರಿನ ಅಜ್ಜ ಎಂದೇ ಹೇಳಬಹುದಾದ ಅವರು 2018ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷಗಳ ಮೊದಲು ಎಲ್‌ಎಕ್ಸ್‌ಮಿನಿ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದರು. ಅದರ ಕ್ರಾಸ್‌ಓವರಿಗೆ ಅವರು ಆರಿಸಿಕೊಂಡದ್ದು ಮಿನಿಡಿಎಸ್‌ಪಿ ಎಂಬ ಡಿಜಿಟಲ್ ಪೆಟ್ಟಿಗೆಯನ್ನು. ಅನಲಾಗಿನಲ್ಲಿ ಗೆರೆ ಸರಿಸಬೇಕೆಂದರೆ ಬೆಸುಗೆ ಕಬ್ಬಿಣ ಕಾಯಿಸಬೇಕು, ರೆಸಿಸ್ಟರ್ ಕೀಳಬೇಕು, ಒಂದು ಉಬ್ಬು ತಗ್ಗಿಸಬೇಕೆಂದರೆ ಹೊಸ ಬೋರ್ಡೇ ಬೇಕು. ಡಿಜಿಟಲ್‌ನಲ್ಲಿ ಒಂದು ಅಂಕಿ ಬದಲಿಸಿದರಾಯಿತು. ಗುರುವೇ ದಾಟಿದ ಹೊಳೆಯ ಈಚೆ ದಡದಲ್ಲಿ ಶಿಷ್ಯರು ಯಾಕೆ ನಿಂತಿದ್ದಾರೆ?

ಪೂರ್ವಪಕ್ಷದಲ್ಲಿ ಸತ್ಯವೂ ಇದೆ, ಅದನ್ನು ಮುಚ್ಚಿಡಲಾರೆ. ಬಾಳಿಕೆಯ ಮಾತು ನಿಜ. ಕೆಪಾಸಿಟರ್ ಹೋದರೆ ಊರಿನ ರೇಡಿಯೊ ರಿಪೇರಿಯವರು ಹಾಕಿಕೊಡುತ್ತಾರೆ, ಪ್ರೊಸೆಸರಿನ ಚಿಪ್ ಸುಟ್ಟರೆ ಪೆಟ್ಟಿಗೆಯೇ ಹೋಯಿತು. ಖರ್ಚಿನ ಮಾತೂ ನಿಜ: ಎರಡು ಸ್ಪೀಕರಿಗೆ ನಾಲ್ಕು ಚಾನೆಲ್ ಆಂಪ್ ಬೇಕು. ಪ್ಯಾಸಿವ್ ಎಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ 1970ರ ದಶಕದಲ್ಲಿ ಕಟ್ಟಿದ ಎಲ್‌ಎಸ್3/5ಎ ಸ್ಪೀಕರಿನಲ್ಲಿ ಮನುಷ್ಯನ ಕಂಠ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅದರ ಪ್ಯಾಸಿವ್ ಕ್ರಾಸ್‌ಓವರನ್ನು ಒಮ್ಮೆ ಬಿಚ್ಚಿ ನೋಡಬೇಕು. ಅಲ್ಲಿರುವುದು ನಾಲ್ಕಾರು ಭಾಗಗಳ ಚಿಕ್ಕ ದಾರಿಯಲ್ಲ. ಡ್ರೈವರಿನ ಉಬ್ಬುತಗ್ಗುಗಳನ್ನು ಅಳೆದು, ಒಂದೊಂದಕ್ಕೂ ಮದ್ದು ಹಾಕಿದ ಸಿಕ್ಕು ಸಿಕ್ಕಾದ ಜಾಲ. ಆ ಇಂಜಿನಿಯರುಗಳು ಸರಳತೆಯನ್ನು ಪೂಜಿಸಲಿಲ್ಲ, ತಿದ್ದುವುದನ್ನು ಪೂಜಿಸಿದರು. ಅವರ ಕೈಯಲ್ಲಿದ್ದ ಉಪಕರಣ ಕಾಯಿಲು, ಕೆಪಾಸಿಟರು. ಅದೇ ಮನಸ್ಸಿಗೆ ಇವತ್ತು ಒದಗುವ ಉಪಕರಣ ಅಂಕಿ. ಆದ್ದರಿಂದ ಒಳ್ಳೆಯ ಕೈಗಳು ಕಟ್ಟಿ ಮುಗಿಸಿದ ಸ್ಪೀಕರನ್ನು ಬಿಚ್ಚಬೇಡಿ. ಅದರ ಕ್ರಾಸ್‌ಓವರ್ ಅದರ ದೇಹದ ಭಾಗ.

ನನ್ನ ಪಕ್ಷದವರಿಗೂ ಎರಡು ಕಟು ಮಾತು ಹೇಳಬೇಕು. ಪ್ರೊಸೆಸರ್ ಕೊಂಡು ಗುಂಡಿ ಒತ್ತಿದೊಡನೆ ಕೋಣೆ ಸಭಾಂಗಣವಾಗುತ್ತದೆ ಎಂದು ನಂಬುವವರು ಇನ್ನೊಂದು ಮೂಢನಂಬಿಕೆಗೆ ಬಿದ್ದವರು. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್‌ನ ನಾದ ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತದೆ. ಒಂದು ಜಾಗದಲ್ಲಿ ಉಬ್ಬು, ಇನ್ನೊಂದರಲ್ಲಿ ಹಳ್ಳ. ಉಬ್ಬನ್ನು ಇಳಿಸಬಹುದು, ಹಳ್ಳವನ್ನು ತುಂಬಲಾಗುವುದಿಲ್ಲ. ಹಳ್ಳಕ್ಕೆ 10 ಡೆಸಿಬೆಲ್ ಸುರಿಯಹೋದರೆ ಆಂಪ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಊಫರ್ ಹರಿಯುತ್ತದೆ, ಹಳ್ಳ ಹಾಗೇ ಇರುತ್ತದೆ. ಅಲ್ಲಿ ಬೇಕಾದದ್ದು ಸ್ಪೀಕರನ್ನೋ ಕುರ್ಚಿಯನ್ನೋ ಎರಡಡಿ ಸರಿಸುವ ತಾಳ್ಮೆ. ಇನ್ನೊಂದು, ಟ್ವೀಟರಿಗೆ ಆಂಪನ್ನು ನೇರವಾಗಿ ಜೋಡಿಸಿದಾಗ ಒಂದು ತಪ್ಪು ಸೆಟ್ಟಿಂಗ್, ಕರೆಂಟು ಹೋಗಿ ಬಂದಾಗಿನ ಒಂದು ಟಪ್ ಎಂಬ ಸದ್ದು, ಅದರ ಜೀವ ತೆಗೆಯಬಹುದು. ರಕ್ಷಣೆಗೆಂದು ದೊಡ್ಡ ಮೌಲ್ಯದ ಒಂದು ಕೆಪಾಸಿಟರನ್ನು ಸಾಲಿನಲ್ಲಿ ಇಟ್ಟುಕೊಳ್ಳಿ. ಇದು ಸೋಲಲ್ಲ, ವಿವೇಕ. ಸೆಟ್ಟಿಂಗಿನ ಅಂಕಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪೆಟ್ಟಿಗೆ ಸುಟ್ಟುಹೋದರೂ ಅಂಕಿಗಳು ಉಳಿಯುತ್ತವೆ, ನಾಳೆ ಬೇರೆ ಪೆಟ್ಟಿಗೆಗೆ ಅವನ್ನೇ ತುಂಬಿದರೆ ಅದೇ ನಾದ ಬರುತ್ತದೆ. ಒಣಗಿದ ಕೆಪಾಸಿಟರ್ ತನ್ನ ಮೂಲ ಮೌಲ್ಯವನ್ನು ಹಾಗೆ ನಮ್ಮ ಕೈಗೆ ಒಪ್ಪಿಸಿ ಹೋಗುವುದಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಒಳ್ಳೆಯ ಪ್ಯಾಸಿವ್ ಸ್ಪೀಕರ್ ಕೊಂಡು ತೃಪ್ತರಾಗಿರುವವರು ಹಾಗೇ ಇರಲಿ. ಅದಕ್ಕೆ ಸಬ್‌ಊಫರ್ ಸೇರಿಸುವುದಾದರೆ ಆ ಪಾಲನ್ನು ಡಿಜಿಟಲ್‌ನಲ್ಲಿ ಮಾಡಲಿ. 80 ಹರ್ಟ್ಸ್‌ನಲ್ಲಿ ಪ್ಯಾಸಿವ್ ಗೆರೆ ಎಳೆಯಲು 16 ಮಿಲಿಹೆನ್ರಿಯ ಕಾಯಿಲ್, 250 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಬೇಕು. ಅದು ಭಾರಕ್ಕೂ ದಂಡ, ನಾದಕ್ಕೂ ದಂಡ. ಸ್ವಂತವಾಗಿ ಸ್ಪೀಕರ್ ಕಟ್ಟುವವರು, ಹಳೆಯ ಪೆಟ್ಟಿಗೆಗಳಿಗೆ ಮರುಜೀವ ಕೊಡುವವರು, ಮೂರು ಪಾಲಿನ ವ್ಯವಸ್ಥೆ ಮಾಡುವವರು ಹಿಂದೆಮುಂದೆ ನೋಡದೆ ಡಿಜಿಟಲ್ ಹಿಡಿಯಲಿ. ದುಬಾರಿ ಕೆಪಾಸಿಟರಿಗೆ ಎತ್ತಿಟ್ಟ ಹಣದಲ್ಲಿ ಅಳತೆಯ ಒಂದು ಮೈಕ್ ಕೊಳ್ಳಲಿ. ಎಲ್‌ಪಿಯಷ್ಟೇ ಕೇಳುವೆ ಎನ್ನುವವರು ಕೂಡ ಅಂಜಬೇಕಾಗಿಲ್ಲ.

ಆ ಹಿರಿಯರು ಅಂದು ಹೊರಡುವ ಮುನ್ನ ನಾನು ಅವರ ಇಷ್ಟದ ಒಂದು ಎಲ್‌ಪಿ ಹಾಕಿದೆ, ಹಾಡು ಶುರುವಾಗುವ ಮೊದಲಿನ ತಂಬೂರಿಯ ನಾದ. ಟ್ವೀಟರಿನ ತಡವನ್ನು ತೆಗೆದು ಕೇಳಿಸಿದೆ, ಮತ್ತೆ ಐದು ಹೆಜ್ಜೆ ಹಾಕಿ ಕೇಳಿಸಿದೆ, ಯಾವುದು ಯಾವುದೆಂದು ಹೇಳಲಿಲ್ಲ. ಎರಡನೆಯದರಲ್ಲಿ ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, “ಇಲ್ಲಿ ಜೀವಾಳ ಸರಿಯಾಗಿ ಕೂತಿದೆ ನೋಡಿ” ಎಂದರು. ಧ್ವನಿಮುದ್ರಣದಲ್ಲಿ ಜೀವಾಳ ಎಂದೋ ಸರಿಯಾಗಿಯೇ ಕೂತಿತ್ತು. ಯಾರದೋ ಬೆರಳು ಅಷ್ಟು ಪ್ರೀತಿಯಿಂದ ಸರಿಸಿ ಕೂರಿಸಿದ್ದನ್ನು ನಮ್ಮ ಪೆಟ್ಟಿಗೆ ಇಷ್ಟು ದಿನ ಕದಲಿಸುತ್ತಿತ್ತು, ಅಷ್ಟೇ. ಅದನ್ನು ಸ್ವಸ್ಥಾನಕ್ಕೆ ತರುವ ಕೈ ಅಂಕಿಯದೋ ಅಲೆಯದೋ ಎಂದು ತಂಬೂರಿ ಕೇಳುವುದಿಲ್ಲ. ಸರಿಸಲು ಬರುವಂತೆ ಇಟ್ಟಿದ್ದೀರಾ ಎಂದಷ್ಟೇ ಅದು ಕೇಳುತ್ತದೆ.